ಮೇಲ್ಬಣ್ಣದ ಕೆಳಗೆ ಕೂತವನು

ಹಳೆ ಗೋವಾದ ಪುರಾತತ್ವ ವಸ್ತುಸಂಗ್ರಹಾಲಯದ ಮಹಡಿಯಲ್ಲಿ ಪೋರ್ಚುಗೀಸ್ ಗವರ್ನರ್, ವೈಸ್‌ರಾಯ್‌ಗಳ ಅರವತ್ತಕ್ಕೂ ಹೆಚ್ಚು ಚಿತ್ರಗಳಿವೆ. ಅವುಗಳ ಬಣ್ಣವನ್ನು ಒಂದೊಂದಾಗಿ ವೈಜ್ಞಾನಿಕ ಪರೀಕ್ಷೆಗೆ ಒಡ್ಡಬೇಕು ಎಂದು ನಾನು ಹೇಳಿದ್ದಕ್ಕೆ ಗೆಳೆಯರಿಂದ ನಾಲ್ಕು ಆಕ್ಷೇಪ ಬಂದಿವೆ. ಮೊದಲನೆಯದರಲ್ಲಿ ಸಿಟ್ಟು ಜಾಸ್ತಿ, ಕೊನೆಯದರಲ್ಲಿ ವಿಚಾರ ಜಾಸ್ತಿ.

ನಮ್ಮನ್ನು ಆಳಿದವರ ಮುಖಕ್ಕೆ ನಮ್ಮ ದುಡ್ಡು ಯಾಕೆ ಎಂಬುದು ಮೊದಲ ಪ್ರಶ್ನೆ. ಸ್ವಾಮಿ, ಮುಖ ಅವರದು, ಕೈ ಯಾರದು? 1547ರಲ್ಲಿ ಗವರ್ನರ್ ಜೊಆವ್ ದೆ ಕಾಸ್ತ್ರೊ ತನ್ನದೂ ತನಗಿಂತ ಹಿಂದಿನವರದೂ ಚಿತ್ರ ಬರೆಸಿದ. ಉಸ್ತುವಾರಿ ಹೊತ್ತವನು ಚರಿತ್ರೆಕಾರ ಗಾಸ್ಪರ್ ಕೊರೆಯಾ. ಕುಂಚ ಹಿಡಿದವನು ಇಲ್ಲಿಯದೇ ಒಬ್ಬ ಚಿತ್ರಗಾರ. ಬರೆಸಿದವನ ಹೆಸರಿದೆ, ಮೇಲ್ವಿಚಾರಕನ ಹೆಸರಿದೆ, ಬರೆದವನ ಹೆಸರು ಉಳಿದಿಲ್ಲ. ಅವನಿಂದ ಏನಾದರೂ ಉಳಿದಿದ್ದರೆ ಅದು ಆ ಹಲಗೆಗಳಿಗೆ ಅಂಟಿಕೊಂಡ ಬಣ್ಣ ಮಾತ್ರ. ನಾನು ದುಡ್ಡು ಕೇಳುತ್ತಿರುವುದು ವೈಸ್‌ರಾಯ್‌ಗಾಗಿ ಅಲ್ಲ, ಇವನಿಗಾಗಿ.

ಎರಡನೆಯದು: ಪಳಗಿದ ಕಣ್ಣು ಸಾಕು, ಯಂತ್ರ ಬೇಡ. ಬೇರೆ ಚಿತ್ರಗಳ ಮಟ್ಟಿಗೆ ಈ ಮಾತಿಗೆ ತಲೆಬಾಗುತ್ತಿದ್ದೆನೇನೋ. ಆದರೆ ಈ ಚಿತ್ರಗಳ ಮೇಲೆ ಕಾಲಕಾಲಕ್ಕೆ ಬಣ್ಣ ಬಳಿದಿದ್ದಾರೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಂತೂ ದುರಸ್ತಿಯ ಹೆಸರಲ್ಲಿ ಧಾರಾಳವಾಗಿ. ಪಳಗಿದ ಕಣ್ಣು ಮೆಚ್ಚಿಕೊಳ್ಳುತ್ತಿರುವುದು ಆ ದುರಸ್ತಿಯವನನ್ನೇ ಇರಬಹುದು! ಬಣ್ಣಗಳಿಗೆ ಹುಟ್ಟಿದ ವರ್ಷ ಇರುತ್ತದೆ. ಪ್ರಷ್ಯನ್ ನೀಲಿ ಬರ್ಲಿನ್ನಿನಲ್ಲಿ ಹುಟ್ಟಿದ್ದು ಹದಿನೆಂಟನೇ ಶತಮಾನದ ಮೊದಲ ದಶಕದಲ್ಲಿ. ಕ್ರೋಮಿಯಂ ಧಾತು ಗೊತ್ತಾದದ್ದೇ 1797ರಲ್ಲಿ, ಕ್ರೋಮ್ ಹಳದಿ ಅದಕ್ಕೂ ಆಮೇಲೆ. ಟೈಟಾನಿಯಂ ಬಿಳುಪು ಪೇಟೆಗೆ ಬಂದದ್ದು 1920ರ ಆಸುಪಾಸು. ಹದಿನಾರನೇ ಶತಮಾನದ ಗವರ್ನರನ ಕಾಲರಿನಲ್ಲಿ ಟೈಟಾನಿಯಂ ಸಿಕ್ಕರೆ ಆ ಬಿಳುಪು ಇಪ್ಪತ್ತನೇ ಶತಮಾನದ ಕೈಯದು. ಇದನ್ನು ಯಾವ ಕಣ್ಣೂ ಹೇಳಲಾರದು. 1950ರ ದಶಕದಲ್ಲಿ ಕೆಲವು ಹಲಗೆಗಳು ದುರಸ್ತಿಗೆಂದು ಲಿಸ್ಬನ್ನಿಗೆ ಹೋದಾಗ, ಮೇಲಿನ ಪದರದ ಕೆಳಗೆ ಬೇರೆಯದೇ ಚಿತ್ರಣ ಇದೆಯೆಂದು ತೋರಿಸಿದ್ದು ಎಕ್ಸ್-ರೇ. ಈಚೆಗೆ ಪೋರ್ಚುಗಲ್ಲಿನ ಎವೊರಾದ ಹರ್ಕ್ಯುಲಿಸ್ ಪ್ರಯೋಗಾಲಯದವರೂ ಈ ಚಿತ್ರಗಳ ಬಣ್ಣಗಳನ್ನು ಅಭ್ಯಾಸ ಮಾಡಿದ್ದಾರೆ. ನಾನು ಕೇಳುತ್ತಿರುವುದು ಹೊಸದೇನಲ್ಲ, ಶುರುವಾದದ್ದನ್ನು ಪೂರ್ತಿ ಮಾಡಿ ಎಂದು.

ಪರೀಕ್ಷೆಯಿಂದ ಚಿತ್ರ ಹಾಳಾಗುತ್ತದೆ ಎಂಬ ಮೂರನೆಯದಕ್ಕೆ ಹೆಚ್ಚು ಮಾತು ಬೇಡ. ಕೈಯಲ್ಲಿ ಹಿಡಿಯುವ ಎಕ್ಸ್-ರೇ ಪ್ರತಿದೀಪ್ತಿ ಉಪಕರಣ ಚಿತ್ರವನ್ನು ಮುಟ್ಟುವುದೂ ಇಲ್ಲ. ಪದರ ಎಣಿಸಲು ಚೂರು ತೆಗೆಯಲೇಬೇಕಾದಾಗ, ಮೊದಲೇ ಬಿರುಕು ಬಿಟ್ಟ ಕಡೆಯಿಂದ ಸಾಸಿವೆಗಿಂತ ಎಷ್ಟೋ ಸಣ್ಣದನ್ನು ತೆಗೆಯುತ್ತಾರೆ. ಚಿತ್ರ ಕೆಡಿಸಿದವರು ರಕ್ಷಿಸುತ್ತೇವೆಂದು ಹೊರಟವರು. ಅಜಂತಾದಲ್ಲಿ 1920ರ ದಶಕದ ಆರಂಭದಲ್ಲಿ ಇಟಲಿಯ ತಜ್ಞರು ಬಳಿದ ಅರಗಿನ ವಾರ್ನಿಷ್ ಹಳದಿಗಟ್ಟಿತು. ಅದನ್ನು ತೆಗೆಯುವ ಪಾಡು ಪುರಾತತ್ವ ಇಲಾಖೆಯ ರಸಾಯನತಜ್ಞರ ಪಾಲಿಗೆ ಬಂತು. ನಮ್ಮ ಕರಾವಳಿಯ ದೇವಸ್ಥಾನಗಳಲ್ಲಿ ಕಾವಿ ಚಿತ್ತಾರದ ಮೇಲೆ ಜೀರ್ಣೋದ್ಧಾರದ ಭರದಲ್ಲಿ ಪೇಂಟ್ ಹೊಡೆಯುವಾಗ ಯಾರೂ ಬೆಚ್ಚುವುದಿಲ್ಲ. ಯಂತ್ರ ಕಂಡರೆ ಮಾತ್ರ ಹೆದರಿಕೆ.

ನಾಲ್ಕನೆಯದು ತೂಕದ್ದು: ಬಣ್ಣದ ಪರೀಕ್ಷೆಯೊಂದರಿಂದಲೇ ಚಿತ್ರದ ವಯಸ್ಸು ತಿಳಿಯದು. ಒಪ್ಪಿದೆ. ಸೀಸದ ಬಿಳುಪನ್ನು ಎರಡು ಸಾವಿರ ವರ್ಷದಿಂದ ಬಳಸುತ್ತಿದ್ದಾರೆ, ಅದು ಸಿಕ್ಕಿತೆಂದು ಕುಣಿಯುವಂತಿಲ್ಲ. ನೀಲಿ ಗಿಡದ ಬಣ್ಣ, ಅರಗಿನ ಕೆಂಪು ನಾನು ಹೊಗಳಿದ ಉಪಕರಣದ ಕಣ್ಣಿಗೇ ಬೀಳುವುದಿಲ್ಲ. ಅವಕ್ಕೆ ಬೇರೆ ಪರೀಕ್ಷೆ ಬೇಕು. ಹೊಸ ಬಣ್ಣ ಸಿಕ್ಕರೂ ಅದು ಆ ಪದರಕ್ಕೆ ಮಾತ್ರ ಸಾಕ್ಷಿ, ಇಡೀ ಚಿತ್ರಕ್ಕಲ್ಲ. ಹಾಗಾಗಿ ದಫ್ತರದ ಕಾಗದ, ಹಲಗೆಯ ಮರ, ಕಲಾ ಇತಿಹಾಸಕಾರನ ಕಣ್ಣು ಎಲ್ಲವೂ ಬೇಕು. ಎರಡನೇ ಆಕ್ಷೇಪದವರು ಇಲ್ಲಿಗೆ ವಾಪಸು ಬರಬಹುದು, ಅವರಿಗೂ ಜಾಗವಿದೆ.

ಇಷ್ಟರ ಮೇಲೂ ಅನುಮಾನ ಇದ್ದವರು ಮುಂದಿನ ಸಲ ಗೋವಾಕ್ಕೆ ಹೋದಾಗ ಕಡಲ ಹತ್ತಿರದಿಂದ ಅರ್ಧ ದಿನ ಬಿಡಿಸಿಕೊಂಡು ಆ ಮಹಡಿ ಹತ್ತಿ ಬನ್ನಿ. ಶುಕ್ರವಾರ ಬೇಡ, ಅಂದು ಬಾಗಿಲು ಹಾಕಿರುತ್ತದೆ.