ಟ್ಯೂಷನ್‌ಗೆ ಮುನ್ನ ನೋಟ್‌ಬುಕ್ ನೋಡಿ



ಖಾಸಗಿ ಶಾಲೆಗೆ ಲಕ್ಷಗಟ್ಟಲೆ ಶುಲ್ಕ ಕಟ್ಟುವ ಬೆಂಗಳೂರಿನ ಅನೇಕ ಪೋಷಕರು ‘ಅಡ್ವಾನ್ಸ್‌ಡ್ ಮ್ಯಾಥ್ಸ್’ ಟ್ಯೂಷನ್‌ಗೂ ಹಣ ಸುರಿಯುತ್ತಿದ್ದಾರೆ. ಪಕ್ಕದ ಮನೆಯ ಮಗು ಹೋಗುತ್ತದೆ ಎಂಬುದೇ ಹಲವರ ಕಾರಣ.

ಮೊದಲು ಮಗುವಿನ ನೋಟ್‌ಬುಕ್ ತೆರೆದು ನೋಡಲಿ. 2ರ ವರ್ಗಮೂಲ ಅಭಾಗಲಬ್ಧ ಸಂಖ್ಯೆ ಎಂದು ಉರುಹೊಡೆದು ಸಾಧಿಸುವ ಹತ್ತನೇ ತರಗತಿ ವಿದ್ಯಾರ್ಥಿ, 3ರ ವರ್ಗಮೂಲಕ್ಕೂ ಅದನ್ನೇ ಸಾಧಿಸಲು ಕೇಳಿದೊಡನೆ ತಡವರಿಸಿದರೆ ಬೇಕಿರುವುದು ಬುನಾದಿ. ಅದಕ್ಕೆ ಶಾಲೆಯ ಶಿಕ್ಷಕರೇ ಸಾಕು. ಪಠ್ಯ ಮುಗಿಸಿ ಇನ್ನೂ ಬೇಕೆನ್ನುವವರಿಗೆ ಗಣಿತ ಒಲಿಂಪಿಯಾಡ್‌ನ ಹಳೆಯ ಪ್ರಶ್ನೆಪತ್ರಿಕೆಗಳು ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಅಲ್ಲಿನ ಸಂಖ್ಯಾಸಿದ್ಧಾಂತದ ಲೆಕ್ಕಗಳಿಗೆ ತಾನಾಗಿ ತಲೆ ಕೆಡಿಸಿಕೊಳ್ಳುವ ಮಗುವಿಗೆ ಟ್ಯೂಟರ್ ಇದ್ದರೆ ಪ್ರಯೋಜನ.

ಟ್ಯೂಷನ್‌ಗೆಂದು ಕೋಚಿಂಗ್ ಕೇಂದ್ರಕ್ಕೆ ಸೇರಿಸುವವರಿಗೆ ಇನ್ನೊಂದು ಮಾತು: 16 ವರ್ಷದೊಳಗಿನವರನ್ನು ಇಂಥ ಕೇಂದ್ರಗಳು ಸೇರಿಸಿಕೊಳ್ಳಬಾರದೆಂದು ಕೇಂದ್ರ ಶಿಕ್ಷಣ ಸಚಿವಾಲಯದ 2024ರ ಮಾರ್ಗಸೂಚಿಯೇ ಹೇಳುತ್ತದೆ.

ಪೋಷಕರು ಮುಂಗಡ ಕಟ್ಟುವ ಮುನ್ನ ಶಾಲೆಯ ಗಣಿತ ಶಿಕ್ಷಕರನ್ನೊಮ್ಮೆ ಭೇಟಿಯಾಗಲಿ.

– ಓದುಗರೊಬ್ಬರು, ಬೆಂಗಳೂರು