ಸಣ್ಣ ವಿಮಾನವೂ ಆಕಾಶ ಜಿಗಿತವೂ

ಬಿಡುಪತನದ ಪಾಠವನ್ನು ಮುಗಿಸಿ ಕಪ್ಪುಹಲಗೆಯನ್ನು ಒರೆಸುತ್ತಿದ್ದಾಗ ಜೇವರ್ಗಿ ಕಡೆಯ ವಿದ್ಯಾರ್ಥಿಯೊಬ್ಬನು ಎದ್ದುನಿಂತು, "ಸರ್, ಸಣ್ಣ ಇಮಾನ ನಮ್ಮೂರ ಮ್ಯಾಲೆ ಹಾರ್ತಾವಲ್ರಿ, ಅದರಾಗಿಂದ ಪ್ಯಾರಾಚೂಟ್ ಕಟ್ಕೊಂಡು ಜಿಗಿದ್ರ ಆಗೂದಿಲ್ಲೇನ್ರಿ?" ಎಂದು ಕೇಳಿದನು. ತರಗತಿಯು ನಕ್ಕಿತು. ಆದರೆ ನಗು ಅಡಗುವ ಮೊದಲೇ ಅಫಜಲಪುರದವನೊಬ್ಬನು ಊರ ಜಾತ್ರೆಯಲ್ಲಿ ಅಂಥದೊಂದು ಪ್ರದರ್ಶನವನ್ನು ಏರ್ಪಡಿಸಿದರೆ ಎಷ್ಟು ಜನ ಸೇರಿಯಾರೆಂದು ಎಣಿಸತೊಡಗಿದನು. ಆಳಂದದವನು ವಿಮಾನದ ಬಾಡಿಗೆಯನ್ನು ಲೆಕ್ಕ ಹಾಕತೊಡಗಿದನು. ಆಗ ನಾವು ನಗಲಿಲ್ಲ. ಪ್ರಶ್ನೆಯು ಬಾಲಿಶವಲ್ಲ. ೨೦೧೯ರ ನವೆಂಬರ್ ೨೨ರಂದು ಕಲಬುರಗಿಯಲ್ಲಿ ವಿಮಾನ ನಿಲ್ದಾಣವು ಆರಂಭವಾಯಿತು. ೨೦೨೧ರಲ್ಲಿ ವಿಮಾನ ಚಾಲನೆಯ ತರಬೇತಿಗೆ ಆಯ್ಕೆಯಾದ ನಿಲ್ದಾಣಗಳಲ್ಲಿ ಅದೂ ಒಂದಾಯಿತು. ಅಜ್ಜಂದಿರು ವರ್ಷಕ್ಕೊಮ್ಮೆಯೂ ಕಾಣದಿದ್ದ ಯಂತ್ರವನ್ನು ಮೊಮ್ಮಕ್ಕಳು ತೊಗರಿಯ ಹೊಲದಲ್ಲಿ ನಿಂತು ತಲೆಯೆತ್ತಿ ನೋಡುವಂತಾಗಿದೆ. ಕಂಡದ್ದನ್ನು ಏರಬೇಕು, ಏರಿದ ಮೇಲೆ ಧುಮುಕಬೇಕು ಎನ್ನಿಸುವುದು ಆ ವಯಸ್ಸಿನ ಧರ್ಮ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಖಾಸಗಿಯಾದ ಸಣ್ಣ ವಿಮಾನವು ಇದ್ದ ರೂಪದಲ್ಲಿಯೇ ಆಕಾಶ ಜಿಗಿತಕ್ಕೆ ತಕ್ಕುದಲ್ಲ. ಕೆಲವು ಜಾತಿಯ ವಿಮಾನಗಳನ್ನು ತಕ್ಕುದಾಗಿ ಮಾಡಿಕೊಳ್ಳಬಹುದು. ಹಲವನ್ನು ಎಂದಿಗೂ ಮಾಡಿಕೊಳ್ಳಲಾಗದು.

ಜನರು ಸಾಮಾನ್ಯವಾಗಿ ಮಾಡುವ ತಪ್ಪೊಂದುಂಟು. ಪ್ರಾಣವನ್ನು ಕಾಯುವುದು ಪ್ಯಾರಾಚೂಟು. ವಿಮಾನವು ಮೇಲಕ್ಕೆ ಹತ್ತಿಸುವ ಏಣಿ ಮಾತ್ರ ಎಂದು ಅವರು ಭಾವಿಸುತ್ತಾರೆ. ಪ್ಯಾರಾಚೂಟು ವಿಮಾನಕ್ಕಿಂತ ಹಳೆಯದಾದುದರಿಂದ ಈ ಭಾವನೆ ಬಂದಿರಬಹುದು. ೧೭೯೭ರಲ್ಲಿ ಗಾರ್ನರಿನ್ ಎಂಬ ಫ್ರೆಂಚನು ಪ್ಯಾರಿಸ್ ನಗರದ ಮೇಲೆ ಬಲೂನಿನಿಂದ ಇಳಿದನು. ಬಲೂನಿಗೆ ರೆಕ್ಕೆಯೂ ಇಲ್ಲ, ಬಾಲವೂ ಇಲ್ಲ. ೧೯೧೯ರ ಏಪ್ರಿಲ್ ೨೮ರಂದು ಅಮೆರಿಕದ ಲೆಸ್ಲಿ ಇರ್ವಿನ್‌ನು ಹಾರುತ್ತಿದ್ದ ವಿಮಾನದಿಂದ ಹೊರಬಿದ್ದು, ಗಾಳಿಯಲ್ಲಿ ಬೀಳುತ್ತಲೇ ತನ್ನ ಕೈಯಿಂದ ಹುರಿಯೆಳೆದು ಕೊಡೆಯನ್ನು ಬಿಚ್ಚಿದನು. ನೆಲಕ್ಕೆ ತಾಗುವಾಗ ಅವನ ಕಣಕಾಲು ಮುರಿಯಿತು. ಉಳಿದುದೆಲ್ಲವೂ ಸರಿಯಾಗಿಯೇ ನಡೆಯಿತು. ಅಂದಿನಿಂದ ಕೊಡೆಯು ಎಷ್ಟೋ ಸುಧಾರಿಸಿದೆ. ಆದರೆ ಕೊಡೆ ಬಿಚ್ಚುವ ಮೊದಲು ಮನುಷ್ಯನು ವಿಮಾನದಿಂದ ದೂರ ಸರಿಯಬೇಕು. ಅವನು ಸರಿದ ಮೇಲೆ ವಿಮಾನವು ವಿಮಾನವಾಗಿಯೇ ಉಳಿಯಬೇಕು. ಈ ಎರಡು ಮಾತುಗಳಲ್ಲಿ ನಮ್ಮ ವಿಷಯವೆಲ್ಲ ಅಡಗಿದೆ.

ಮೊದಲು ಬಾಗಿಲನ್ನು ನೋಡೋಣ. ಇಂದಿನ ಹಲವು ತರಬೇತಿ ವಿಮಾನಗಳಲ್ಲಿ ರೆಕ್ಕೆಯು ಆಸನಕ್ಕಿಂತ ಕೆಳಗಿರುತ್ತದೆ. ಡೈಮಂಡ್ ಡಿಎ-೪೦ ಎಂಬುದು ಅಂಥದು: ನಾಲ್ಕು ಆಸನ, ಕೆಳಗೆ ರೆಕ್ಕೆ, ಮುಂದಿನವರ ತಲೆಯ ಮೇಲೆ ಗಾಜಿನಂಥ ಮುಚ್ಚಳ. ನೆಲದ ಮೇಲೆ ನಿಂತಾಗ ಆ ಮುಚ್ಚಳವು ಮುಂದಕ್ಕೆ ತೆರೆಯುತ್ತದೆ. ಹಾರುವಾಗ ಅದನ್ನು ತೆರೆಯಲು ಹೋದರೆ ಗಾಳಿಯ ಹೊಡೆತಕ್ಕೆ ಅದು ಏನಾದೀತೆಂದು ಯಾರೂ ಪರೀಕ್ಷಿಸಿ ನೋಡದಿರುವುದೇ ಲೇಸು. ತೆರೆದರೂ ಹೊರಬಂದವನು ಕಾಲಿಡುವುದು ರೆಕ್ಕೆಯ ಮೇಲೆ; ಅಲ್ಲಿಂದ ಜಾರಿದರೆ ಹಿಂದೆ ಬಾಲವು ಕಾದಿರುತ್ತದೆ. ಕಲಿಯುವವನಿಗೆ ಈ ವಿಮಾನವು ಒಳ್ಳೆಯ ಗುರು, ಧುಮುಕುವವನಿಗೆ ಮಿತ್ರನಲ್ಲ.

ಸೆಸ್ನಾ ೧೮೨ರಂಥ ಹಳೆಯ ಮಾದರಿಯಲ್ಲಿ ರೆಕ್ಕೆಯು ಚಾವಣಿಯ ಮೇಲಿದೆ. ರೆಕ್ಕೆಗೆ ಆನಿಸಿದ ಓರೆಗಂಬವು ಕೈಗೆ ಹಿಡಿ, ಚಕ್ರದ ಮೇಲೆ ಕೂರಿಸಿದ ಹಲಗೆಯು ಕಾಲಿಗೆ ಮೆಟ್ಟಿಲು. ಮೆಟ್ಟಿದಾಗ ಚಕ್ರವು ತಿರುಗದಂತೆ ಚಾಲಕನು ಬ್ರೇಕನ್ನು ಒತ್ತಿ ಹಿಡಿಯುತ್ತಾನೆ. ಚಾಲಕನದನ್ನು ಬಿಟ್ಟು ಉಳಿದ ಆಸನಗಳನ್ನು ಕಿತ್ತು, ಪಕ್ಕಕ್ಕೆ ತೆರೆಯುವ ಬಾಗಿಲಿನ ಬದಲು ಮೇಲಕ್ಕೆ ತೆರೆದು ರೆಕ್ಕೆಯ ಅಡಿಗೆ ಅಂಟಿ ನಿಲ್ಲುವ ಬಾಗಿಲನ್ನು ಹಾಕಿ, ಒಳಗೆ ಬಟ್ಟೆಯೋ ಪಟ್ಟಿಯೋ ಸಿಕ್ಕಿಕೊಳ್ಳಬಹುದಾದ ಕೊಕ್ಕೆ ಹಿಡಿಕೆಗಳನ್ನೆಲ್ಲ ಮುಚ್ಚಿ, ಅಷ್ಟನ್ನೂ ಅಧಿಕಾರಿಗಳಿಂದ ಒಪ್ಪಿಸಿಕೊಂಡ ಮೇಲೆ ಇದು ನಾಲ್ಕು ಮಂದಿಯನ್ನು ಧುಮುಕಿಸುವ ವಿಮಾನವಾಗುತ್ತದೆ. ಹೊರಗಿನಿಂದ ನೋಡಿದರೆ ಗುಜರಿ ಸೇರಬೇಕಾದ ಬಂಡಿಯಂತೆ ಕಾಣುವುದುಂಟು. ಜಾತ್ರೆಗೆ ಥಳಥಳಿಸುವ ವಿಮಾನವನ್ನು ತರಬೇಕೆನ್ನುವವರಿಗೆ ಇದು ಹಿಡಿಸದಿರಬಹುದು.

ಎರಡನೆಯದು ಭಾರದ ಮಾತು. ವಾಯುಪಡೆಯ ಆಕಾಶಗಂಗಾ ತಂಡದವರು ಧುಮುಕುವುದನ್ನು ಮೈಸೂರು ದಸರೆಯ ವೈಮಾನಿಕ ಪ್ರದರ್ಶನದಲ್ಲಿ ಕಂಡವರು, "ಅವರು ಜಿಗಿಯುತ್ತಾರಲ್ಲ" ಎನ್ನುತ್ತಾರೆ. ವಾಯುಪಡೆಯ ಎಎನ್-೩೨ ವಿಮಾನದ ಗರಿಷ್ಠ ಭಾರ ಸುಮಾರು ೨೭,೦೦೦ ಕಿಲೋಗ್ರಾಮ್. ಅದರೊಳಗೆ ಒಬ್ಬನು ಎದ್ದು ಹಿಂದಕ್ಕೆ ನಡೆದರೆ ವಿಮಾನಕ್ಕೆ ಅದರ ಅರಿವೇ ಆಗದು. ಸೆಸ್ನಾ ೧೮೨ರ ಗರಿಷ್ಠ ಭಾರ ಸುಮಾರು ೧,೪೦೦ ಕಿಲೋಗ್ರಾಮ್. ಕೊಡೆ ಸಹಿತ ಒಬ್ಬನು ೯೦ ಕಿಲೋಗ್ರಾಮ್ ತೂಗಿದರೆ ನಾಲ್ವರು ಸೇರಿ ೩೬೦. ಎಂದರೆ ಒಟ್ಟು ಭಾರದ ಕಾಲುಪಾಲು. ಆ ಕಾಲುಪಾಲು ಒಳಗೆ ಹರಿದಾಡುತ್ತದೆ, ಬಳಿಕ ಒಂದೊಂದಾಗಿ ಹೊರಬೀಳುತ್ತದೆ.

ತೊಗರಿ ಚೀಲಗಳನ್ನು ಬಂಡಿಗೆ ಹೇರಿದವರಿಗೆ ಈ ಶಾಸ್ತ್ರವನ್ನು ಕಲಿಸಬೇಕಾಗಿಲ್ಲ. ಚೀಲಗಳೆಲ್ಲ ಹಿಂದೆ ಬಿದ್ದರೆ ನೊಗವು ಎತ್ತಿನ ಹೆಗಲನ್ನು ಬಿಟ್ಟು ಮೇಲೇಳುತ್ತದೆ. ವಿಮಾನಕ್ಕೆ ನೊಗದ ಕೆಲಸ ಮಾಡುವುದು ಬಾಲದ ಅಡ್ಡರೆಕ್ಕೆ. ಪೂರ್ಣ ಭಾರ ಹೇರಿದಾಗ ಇಂಥ ಸಣ್ಣ ವಿಮಾನದ ಗುರುತ್ವ ಕೇಂದ್ರವು ಹಿಂದೆ ಮುಂದೆ ಸರಿಯಲು ಗೇಣಿನಷ್ಟೂ ಜಾಗವಿಲ್ಲ. ೧,೩೦೦ ಕಿಲೋಗ್ರಾಮಿನ ವಿಮಾನದೊಳಗೆ ೯೦ ಕಿಲೋಗ್ರಾಮಿನ ಒಬ್ಬನು ಒಂದು ಮೀಟರ್ ಹಿಂದೆ ಸರಿದರೆ ಗುರುತ್ವ ಕೇಂದ್ರವು ಸುಮಾರು ೭ ಸೆಂಟಿಮೀಟರ್ ಸರಿಯುತ್ತದೆ. ವಿದ್ಯಾರ್ಥಿಗಳು ಸ್ವತಃ ಭಾಗಿಸಿ ನೋಡಬಹುದು: ೯೦ನ್ನು ೧,೩೦೦ರಿಂದ. ಇಬ್ಬರು ಸರಿದರೆ ೧೪. ಧುಮುಕುವ ಗಳಿಗೆಯಲ್ಲಿಯೇ ಚಾಲಕನು ವೇಗವನ್ನೂ ತಗ್ಗಿಸಿರುತ್ತಾನೆ. ಹೊರಗೆ ನಿಂತವನ ಮೈ ಗಾಳಿಗೆ ಅಡ್ಡವಾಗಿ ಇನ್ನಷ್ಟು ತಗ್ಗುತ್ತದೆ. ಹಿಂಭಾರದಿಂದ ಮೂಗು ಮೇಲೆದ್ದು ವೇಗವು ಮಿತಿಗಿಂತ ಕೆಳಗಿಳಿದರೆ ರೆಕ್ಕೆಯ ಮೇಲಣ ಗಾಳಿಯ ಹರಿವು ಒಡೆದು ಎತ್ತುವ ಬಲವು ಕುಸಿಯುತ್ತದೆ. ವೈಮಾನಿಕರು ಇದನ್ನು ಸ್ಟಾಲ್ ಎನ್ನುತ್ತಾರೆ.

೨೦೧೯ರ ಜುಲೈ ೧೪ರಂದು ಸ್ವೀಡನ್ ದೇಶದ ಊಮಿಯೊ ನಗರದ ಬಳಿ ಒಂದೇ ಎಂಜಿನಿನ ವಿಮಾನವೊಂದು ಎಂಟು ಮಂದಿ ಜಿಗಿಯುವವರನ್ನು ಹೊತ್ತು ಮೇಲೇರಿತ್ತು. ಧುಮುಕುವ ಎತ್ತರವು ಸಮೀಪಿಸಿದಾಗ ಅದು ಹತೋಟಿ ತಪ್ಪಿತು. ಕೆಳಗೆರಗುವ ರಭಸಕ್ಕೆ ಮುರಿಯಿತು. ಚಾಲಕ ಸಹಿತ ಒಂಬತ್ತು ಮಂದಿಯೂ ಸತ್ತರು. ಕಡಿಮೆ ವೇಗ, ಹಿಂಭಾರದಿಂದ ಬಂದ ಅಸ್ಥಿರತೆ, ಮೋಡದ ವಾತಾವರಣ, ಚಾಲಕನ ಮೇಲೆ ಬಿದ್ದ ಕೆಲಸದ ಒತ್ತಡ ಇವೆಲ್ಲ ಕೂಡಿ ಬಂದುವೆಂದು ತನಿಖೆಯು ಹೇಳಿತು. ಎಂಟು ಮಂದಿಯ ಬೆನ್ನ ಮೇಲೂ ಪ್ಯಾರಾಚೂಟು ಇದ್ದಿತು ಎಂಬುದನ್ನು ಓದುಗರು ಗಮನಿಸಬೇಕು. ವಿಮಾನವನ್ನು ಬರಿಯ ಏಣಿಯೆನ್ನುವವರಿಗೆ ನಾವು ಕೊಡುವ ಉತ್ತರ ಇದೇ.

ಬಾಲದ ಅಪಾಯಕ್ಕೂ ಒಂದು ನಿದರ್ಶನವಿದೆ. ೨೦೨೫ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯದ ಟಲ್ಲಿ ಎಂಬಲ್ಲಿ, ಜಿಗಿತಕ್ಕೆಂದೇ ಬಳಸುವ ಸೆಸ್ನಾ ಕ್ಯಾರವಾನ್ ವಿಮಾನದಿಂದ ಹೊರಡುತ್ತಿದ್ದವನೊಬ್ಬನ ಎರಡನೆಯ ಕೊಡೆಯ ಹಿಡಿಕೆಯು ರೆಕ್ಕೆಯ ಫ್ಲಾಪಿಗೆ ಸಿಕ್ಕಿ ಕೊಡೆಯು ತಾನಾಗಿ ಬಿಚ್ಚಿತು. ಸುಮಾರು ೪,೬೦೦ ಮೀಟರ್ ಎತ್ತರದಲ್ಲಿ ಅವನು ವಿಮಾನದ ಬಾಲಕ್ಕೆ ತೂಗುಬಿದ್ದನು. ಅವನ ಬಳಿ ಕೊಕ್ಕೆಚೂರಿಯೊಂದಿತ್ತು. ಅದರಿಂದ ಹುರಿಗಳನ್ನು ಕುಯ್ದು, ಮುಖ್ಯ ಕೊಡೆಯಿಂದ ಇಳಿದು ಬದುಕಿದನು. ಬಾಲವು ಜಖಂಗೊಂಡ ವಿಮಾನವನ್ನು ಚಾಲಕನು ಕ್ಷೇಮವಾಗಿ ಇಳಿಸಿದನು. ಅಷ್ಟು ದೊಡ್ಡ, ಅಷ್ಟು ಸಿದ್ಧವಾದ ವಿಮಾನದಲ್ಲಿಯೇ ಹೀಗಾಯಿತು.

ಇನ್ನು ನಮ್ಮ ನಾಡಿನ ಗಾಳಿ. ಕಲಬುರಗಿ ಪ್ರಾಂತದ ನೆಲವು ಸಮುದ್ರ ಮಟ್ಟದಿಂದ ಸುಮಾರು ೪೫೦ ಮೀಟರ್ ಮೇಲಿದೆ. ಅಲ್ಲಿನ ವಾಯುಭಾರ ಸುಮಾರು ೯೬೦ ಮಿಲಿಬಾರ್. ಮೇ ತಿಂಗಳ ಅಪರಾಹ್ನ ೪೨ ಡಿಗ್ರಿ ಸೆಲ್ಸಿಯಸ್ ತಾಪವಿದ್ದರೆ ಒಂದು ಘನಮೀಟರ್ ಗಾಳಿಯು ೧.೦೬ ಕಿಲೋಗ್ರಾಮ್ ತೂಗುತ್ತದೆ. ಸಮುದ್ರ ಮಟ್ಟದಲ್ಲಿ ೧೫ ಡಿಗ್ರಿಯಲ್ಲಿ ಇದು ೧.೨೨೫. ಶೇಕಡಾ ೧೩ರಷ್ಟು ತೆಳು. ಇಂಥ ತೆಳುಗಾಳಿಯು ಶಿಷ್ಟ ವಾತಾವರಣದಲ್ಲಿ ದೊರೆಯುವುದು ೧,೪೫೦ ಮೀಟರಿಗೂ ಮೇಲೆ. ಎಂದರೆ ಜೇವರ್ಗಿಯ ಬಯಲಿನಲ್ಲಿ ನಿಂತ ವಿಮಾನವು ತಾನು ಕೆಮ್ಮಣ್ಣುಗುಂಡಿಯ ಎತ್ತರದಲ್ಲಿದ್ದೇನೆಂದು ತಿಳಿಯುತ್ತದೆ. ಅಲ್ಲಿಯ ತಂಪು ಮಾತ್ರ ಇಲ್ಲ. ಎಂಜಿನಿಗೆ ಉಸಿರು ಕಡಿಮೆ, ಪಂಖಕ್ಕೆ ಹಿಡಿತ ಕಡಿಮೆ, ರೆಕ್ಕೆಗೆ ಆಧಾರ ಕಡಿಮೆ; ನೆಲ ಬಿಡಲು ಹೆಚ್ಚು ಓಡಬೇಕು. ತಂಪು ಹವೆಯಲ್ಲಿಯೇ ೩,೦೦೦ ಮೀಟರ್ ಏರಲು ಇಪ್ಪತ್ತರಿಂದ ಮೂವತ್ತು ನಿಮಿಷ ಹಿಡಿಯುವ ವಿಮಾನವು ಬೇಸಗೆಯಲ್ಲಿ ಏದುಸಿರು ಬಿಡುತ್ತ ಏರುತ್ತದೆ. ಡಿಸೆಂಬರಿನ ಮುಂಜಾನೆ ೧೫ ಡಿಗ್ರಿಯಿದ್ದಾಗ ಅದೇ ಗಾಳಿಯು ೧.೧೬ ತೂಗುತ್ತದೆ, ನಷ್ಟವು ಶೇಕಡಾ ೫ ಮಾತ್ರ. ಪ್ರದರ್ಶನವನ್ನು ಬೇಸಗೆಯ ರಜೆಯಲ್ಲಿ ಇಟ್ಟುಕೊಳ್ಳಬೇಕೆಂದು ನಮ್ಮ ಹುಡುಗರು ಯೋಚಿಸಿದ್ದರು! ಅದಕ್ಕಿಂತ ಕೆಟ್ಟ ಕಾಲವನ್ನು ಆರಿಸುವುದು ಕಷ್ಟ.

ನೆಲದ ಎತ್ತರದಿಂದ ಇನ್ನೊಂದು ತೊಡಕೂ ಉಂಟು. ಜಿಗಿಯುವವನ ಮುಂಗೈಯ ಎತ್ತರಮಾಪಕವು ವಾಯುಭಾರದಿಂದ ಎತ್ತರವನ್ನು ಹೇಳುತ್ತದೆ. ಮಂಗಳೂರಿನ ಕಡಲತೀರದಲ್ಲಿ ಸೊನ್ನೆಗೆ ಹೊಂದಿಸಿದ ಮಾಪಕವನ್ನು ಮರೆತು ಹಾಗೆಯೇ ಇಲ್ಲಿ ಬಳಸಿದರೆ ಅದು ೯೦೦ ಮೀಟರ್ ಎಂದು ತೋರಿಸುವಾಗ ನೆಲವು ೪೫೦ ಮೀಟರ್ ಕೆಳಗಿರುತ್ತದೆ. ಹೊಟ್ಟೆಯನ್ನು ಕೆಳಗೆ ಮಾಡಿ ಬೀಳುವವನ ಅಂತ್ಯವೇಗ ಸೆಕೆಂಡಿಗೆ ಸುಮಾರು ೫೫ ಮೀಟರ್. ಉಳಿದದ್ದು ಎಂಟು ಸೆಕೆಂಡು. ಮೊದಲ ಕೊಡೆ ಬಿಚ್ಚದಿದ್ದರೆ ಎರಡನೆಯದಕ್ಕೆ ಅವಕಾಶವು ಎಷ್ಟು ಉಳಿಯಿತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಕೇಳಿದ ಸಹೋದ್ಯೋಗಿಯೊಬ್ಬರು, "ಹಾಗಾದರೆ ಇದೊಂದು ಹುಚ್ಚು ಸಾಹಸ, ಹುಡುಗರ ತಲೆಯಿಂದ ತೆಗೆದುಹಾಕಿ" ಎಂದರು. ನಾವು ಅದನ್ನೂ ಒಪ್ಪೆವು. ರೇಚಲ್ ಥಾಮಸ್ ಅವರು ೨೦೦೨ರಲ್ಲಿ, ಶೀತಲ್ ಮಹಾಜನ್ ಅವರು ೨೦೦೪ರಲ್ಲಿ ಉತ್ತರ ಧ್ರುವದ ಮೇಲೆ ಧುಮುಕಿದರು. ಅವರನ್ನು ಹುಚ್ಚರೆಂದು ಯಾರೂ ಕರೆಯಲಿಲ್ಲ. ಅವರು ಕ್ರಮವಾಗಿ ಕಲಿತು, ತಕ್ಕ ವಿಮಾನದಿಂದ, ತಕ್ಕವರ ಕಣ್ಣಳತೆಯಲ್ಲಿ ಜಿಗಿದವರು. ನಮ್ಮ ಜಗಳವು ಜಿಗಿತದೊಡನೆ ಅಲ್ಲ, ಎರವಲು ತಂದ ವಿಮಾನದೊಡನೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಅನುಮತಿಯಿಲ್ಲದೆ ಯಾರನ್ನೂ ಹೀಗೆ ಧುಮುಕಿಸುವಂತಿಲ್ಲ. ಖಾಸಗಿ ಉಪಯೋಗಕ್ಕೆಂದು ನೋಂದಾಯಿಸಿದ ವಿಮಾನವನ್ನು ಬಾಡಿಗೆಗೆ ಓಡಿಸುವಂತೆಯೂ ಇಲ್ಲ. ಆಳಂದದ ನಮ್ಮ ಲೆಕ್ಕಿಗನ ಲೆಕ್ಕವು ಇಲ್ಲಿಗೇ ಮುಗಿಯಿತು. ನಿಜವಾದ ಆಸೆಯುಳ್ಳವರಿಗೆ ಎನ್.ಸಿ.ಸಿ. ಇದೆ, ಆಯ್ದ ಕೆಡೆಟ್ಟುಗಳಿಗೆ ಆಗ್ರಾದಲ್ಲಿ ಪ್ಯಾರಾಚೂಟ್ ತರಬೇತಿ ದೊರೆಯುತ್ತದೆ. ಮೈಸೂರಿನಲ್ಲಿ ನಾಗರಿಕರಿಗಾಗಿ ಶಿಬಿರಗಳು ನಡೆದಿವೆ. ದಾರಿಯು ದೂರವೆಂಬುದನ್ನು ಬಲ್ಲೆವು. ಜೇವರ್ಗಿಯ ಬಡ ರೈತನ ಮಗನಿಗೆ ಆಗ್ರಾ ಎಷ್ಟು ದೂರವೋ ಮೈಸೂರಿನ ಶುಲ್ಕವೂ ಅಷ್ಟೇ ದೂರ. ಆದುದರಿಂದಲೇ ಮುಂದೊಂದು ದಿನ ಈ ಭಾಗದಲ್ಲಿ ಜಿಗಿತದ ಸಂಘವೊಂದು ಹುಟ್ಟುವುದಾದರೆ ಅದು ಮೊದಲು ಸಂಪಾದಿಸಬೇಕಾದುದು ಮೇಲ್ರೆಕ್ಕೆಯ, ಆಸನ ಕಿತ್ತ, ಪರೀಕ್ಷೆಗೊಂಡ ಒಂದು ವಿಮಾನವನ್ನೂ ಆ ಕೆಲಸದಲ್ಲಿ ನುರಿತ ಚಾಲಕನನ್ನೂ ಎಂದು ನಾವು ಬಯಸುತ್ತೇವೆ. ವೇದಿಕೆಯೂ ಧ್ವನಿವರ್ಧಕವೂ ಆಮೇಲೆ ಬರಲಿ.

ನೆಲದ ವಿಷಯದಲ್ಲಿ ಮಾತ್ರ ನಮ್ಮ ಮೂರು ತಾಲ್ಲೂಕುಗಳು ಪುಣ್ಯವಂತವಾದುವು. ಗುಡ್ಡವಿಲ್ಲ, ಕಾಡಿಲ್ಲ, ಎರೆಭೂಮಿಯು ಹಾಸಿಟ್ಟ ಕಂಬಳಿಯಂತಿದೆ. ಆದರೂ ಭೀಮಾ ನದಿಯ ನೀರು, ಕಬ್ಬಿನ ಗದ್ದೆ, ತೆರೆದ ಬಾವಿ, ಹೊಲದ ನಡುವೆ ಹಾಯ್ದ ವಿದ್ಯುತ್ ತಂತಿ ಇವು ಮೇಲಿನಿಂದ ಚೆನ್ನಾಗಿ ಕಾಣುವುದಿಲ್ಲ. ದುಂಡು ಕೊಡೆಯು ಸೆಕೆಂಡಿಗೆ ೫ ಮೀಟರಿನಂತೆ ಇಳಿದರೆ ೯೦೦ ಮೀಟರಿಗೆ ಮೂರು ನಿಮಿಷ ಬೇಕು. ಗಾಳಿಯೂ ಅಷ್ಟೇ ವೇಗದಲ್ಲಿ ಬೀಸುತ್ತಿದ್ದರೆ ಇಳಿಯುವವನು ೯೦೦ ಮೀಟರ್ ಆಚೆಗೆ ಬೀಳುತ್ತಾನೆ. ಗಾಳಿ ತಣ್ಣಗಿರುವ ಡಿಸೆಂಬರ್, ಜನವರಿಯಲ್ಲಿ ಹೊಲದಲ್ಲಿ ಬಿಳಿಜೋಳ ನಿಂತಿರುತ್ತದೆ. ಅಪ್ಪಣೆಯಿಲ್ಲದೆ ಅದರೊಳಗೆ ಇಳಿದವನು ಆಕಾಶದಿಂದ ಬಂದನೆಂದು ಹೊಲದೊಡೆಯನು ಬಿಟ್ಟಾನೆಂದು ನಮಗೆ ತೋರುವುದಿಲ್ಲ.

ಪ್ರಶ್ನೆ ಕೇಳಿದ ವಿದ್ಯಾರ್ಥಿಯು ಮೊನ್ನೆ ಒಂದು ನೋಟುಪುಸ್ತಕವನ್ನು ತಂದು ತೋರಿಸಿದನು. ತನ್ನ ಊರ ಬಯಲಿನಲ್ಲಿ ಹದಿನೈದು ದಿನ ಬೆಳಗ್ಗೆ ಏಳಕ್ಕೂ ಮಧ್ಯಾಹ್ನ ಮೂರಕ್ಕೂ ಗಾಳಿಯ ದಿಕ್ಕನ್ನೂ ಧೂಳಿನ ಸುಳಿಗಳ ಎಣಿಕೆಯನ್ನೂ ಬರೆದಿದ್ದನು. ಮಧ್ಯಾಹ್ನದ ಪುಟಗಳು ಸುಳಿಗಳಿಂದ ತುಂಬಿದ್ದುವು. ನೆಲದ ಗಾಳಿಯೊಂದು, ಮೇಲಿನ ಗಾಳಿಯೊಂದು; ಮುಂದಿನ ಸಲ ಜಾತ್ರೆಯ ಬಲೂನನ್ನು ಬಿಟ್ಟು ಅದು ಎತ್ತ ವಾಲುತ್ತದೆಂದು ಕಣ್ಣಿಗೆ ಕಾಣುವವರೆಗೆ ಗುರುತಿಸಿ ಬರೆಯುವಂತೆ ಹೇಳಿ ಕಳಿಸಿದ್ದೇವೆ.