ಪಾಯ ತೆಗೆಯುವ ಮೊದಲು

ಬಾರಕೂರಿನಲ್ಲಾಗಲಿ ಬಸ್ರೂರಿನಲ್ಲಾಗಲಿ ಮನೆಗೊಂದು ಕೋಣೆ, ಶಾಲೆಗೊಂದು ಕೊಠಡಿ ಸೇರಿಸಬೇಕೆಂದರೆ ನಾವು ಮುಹೂರ್ತ ಕೇಳುತ್ತೇವೆ, ವಾಸ್ತು ಕೇಳುತ್ತೇವೆ, ಪಂಚಾಯತಿನ ಪರವಾನಗಿ ಕೇಳುತ್ತೇವೆ. ಅಡಿಯ ಮಣ್ಣಿನಲ್ಲಿ ಏನಿದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಅದೇನು ಬರಿಯ ಮಣ್ಣೇ? ಬಾರಕೂರು ಆಳುಪರ ರಾಜಧಾನಿ. 14ನೆಯ ಶತಮಾನದಲ್ಲಿ ಇಬ್ನ್ ಬತೂತ ‘ಫಾಕನೂರು’ ಎಂದು ಬರೆದದ್ದು ಇದನ್ನೇ. 1665ರಲ್ಲಿ ಶಿವಾಜಿಯ ಹಡಗುಗಳು ಕೊಳ್ಳೆಗೆ ಬಂದದ್ದು ಬಸ್ರೂರಿಗೆ.

‘ಕಾನೂನು ಇದೆಯಲ್ಲ’ ಎನ್ನುತ್ತಾರೆ. ಇದೆ. 1958ರ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿಯಂತೆ ಕೇಂದ್ರದ ರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡ ಕೂಡದು; ಅದರಾಚೆಯ 200 ಮೀಟರಿಗೆ ಅನುಮತಿ ಬೇಕು. ಆದರೆ ಹಳೆಯ ಪಟ್ಟಣವೇನು ಆ ಗೆರೆಯೊಳಗೇ ಮುದುಡಿ ಕುಳಿತಿತ್ತೇ?

ಇಂಗ್ಲೆಂಡಿನಲ್ಲಿ 1990ರಿಂದ ಹಳೆಯ ನೆಲದಲ್ಲಿ ಕಟ್ಟಡ ಬೆಳೆಸುವವರಿಗೆ, ಮೊದಲು ಪರೀಕ್ಷಾ ಕಂದಕ ತೆಗೆಸಿ ಎನ್ನುವ ಪದ್ಧತಿ ಬಂತು. ಖರ್ಚು ಕಟ್ಟುವವರದು. ಸಾಮಾನ್ಯವಾಗಿ ಜಾಗದ ನೂರಕ್ಕೆ 2ರಿಂದ 5 ಭಾಗವನ್ನಷ್ಟೇ ಉದ್ದುದ್ದ ಪಟ್ಟಿಯಾಗಿ ತೆರೆಯುತ್ತಾರೆ. ಅಲ್ಲಿಯೂ ಯಂತ್ರ ಉಂಟು. ಅದರ ಬಕೆಟ್ಟಿಗೆ ಹಲ್ಲಿರುವುದಿಲ್ಲ, ಪಕ್ಕದಲ್ಲಿ ತಿಳಿದವರು ನಿಂತಿರುತ್ತಾರೆ. ಹಳೆಯ ಪದರ ಕಂಡೊಡನೆ ಯಂತ್ರ ನಿಂತು ಕರಣೆ ಶುರುವಾಗುತ್ತದೆ. ಏನೂ ಸಿಗದಿದ್ದರೆ ಕಟ್ಟಬಹುದು. ಸಿಕ್ಕಿದರೆ ದಾಖಲಿಸಬೇಕು, ಇಲ್ಲವೇ ಪಾಯ ಸರಿಸಬೇಕು.

ನಮ್ಮಲ್ಲಿ? ನಾನು ಕಲಿಸಿದ ಒಂದು ಶಾಲೆಯ ಹೊಸ ಕೊಠಡಿಗೆ ಜೆಸಿಬಿ ಅರ್ಧ ದಿನದಲ್ಲಿ ಪಾಯ ತೋಡಿತು. ಮಡಕೆಚೂರು ತುಂಬಿದ ಮಣ್ಣು ಲಾರಿಯೇರಿ ರಸ್ತೆಯ ಹೊಂಡಕ್ಕೆ ಹೋಯಿತು. ಕೇಳಿದ್ದಕ್ಕೆ, ‘ಸುಮ್ನಿರಿ ಟೀಚರೇ, ಗೊತ್ತಾರೆ ಕೆಲ್ಸ ನಿಂತ್ ಹೋತ್ತ್’ ಎಂಬ ಉತ್ತರ.

ಆ ಭಯ ಸುಳ್ಳಲ್ಲ. ಸಾಲ ಮಾಡಿ ಒಂದು ಕೋಣೆ ಕಟ್ಟುವವಳ ಮೇಲೆ ಕಂದಕದ ಖರ್ಚು ಹೊರಿಸಿದರೆ ಅವಳು ಸಿಕ್ಕಿದ್ದನ್ನು ಮುಚ್ಚಿಯೇ ಹಾಕುತ್ತಾಳೆ. ಆದ್ದರಿಂದ ಇಲ್ಲಿ ಸರ್ಕಾರವೇ ಅಗೆಯಲಿ, ಇಷ್ಟೇ ದಿನದಲ್ಲಿ ಮುಗಿಸುತ್ತೇವೆಂದು ಬರೆದೂ ಕೊಡಲಿ.

‘ಮಡಕೆಚೂರಿಗೆ ಇಷ್ಟೆಲ್ಲ ಯಾಕೆ?’ ಎಂದು ನಗಬೇಡಿ. ಶಾಸನಗಳಲ್ಲಿ ಅರಸರಿದ್ದಾರೆ, ಸೆಟ್ಟಿಗಳಿದ್ದಾರೆ, ದಾನ ಕೊಟ್ಟ ರಾಣಿಯರೂ ಇದ್ದಾರೆ. ಒಲೆ ಉರಿಸಿದವಳು ಎಲ್ಲಿ? ಮಸಿ ಹಿಡಿದ ಚೂರು, ಬಳೆಯ ತುಂಡು, ಬೂದಿಯ ಪದರ, ಅವಳ ಚರಿತ್ರೆ ಇಷ್ಟೇ. ಶಾಸನದ ಕಲ್ಲನ್ನು ಎತ್ತಿಟ್ಟು ನಾಳೆಯೂ ಓದಬಹುದು. ಮಣ್ಣಿನ ಪದರ ಒಮ್ಮೆ ಕಲಸಿಹೋಯಿತೆಂದರೆ ಯಾವ ಪಂಡಿತನೂ ಓದಲಾರ.

ನೀವು ಪೇಟೆಯಲ್ಲಿದ್ದರೂ ನಿಮ್ಮ ತವರು ಇಂಥ ಊರಲ್ಲಿರಬಹುದು. ಮುಂದಿನ ಗ್ರಾಮಸಭೆಯಲ್ಲಿ ನೀರು, ದಾರಿದೀಪಗಳ ಜತೆಗೆ ಇದನ್ನೂ ಕೇಳುವಂತೆ ಅಕ್ಕತಂಗಿಯರಿಗೆ ಹೇಳಿ.